ಶನಿವಾರ ಸಂಜೆಯ ಮೊಗ್ಗು

ಇವತ್ತು ಮಧ್ಯಾಹ್ನ ಶಿಗ್ಗಾವಿಯ ನಮ್ಮ ಕಾಲೇಜಿನಲ್ಲಿ ಹುಡುಗಿಯರು ನೆಲದ ಮೇಲೆ ಸುತ್ತುವರಿದು ಕೂತು, ಸೋಮವಾರದ ಸ್ವಾಗತ ಸಮಾರಂಭಕ್ಕೆ ಬಣ್ಣದ ತೆಳು ಕಾಗದ ಕತ್ತರಿಸುತ್ತಿದ್ದರು. ಮೇಲ್ವಿಚಾರಣೆ ನನ್ನದು. ಮೇಲ್ವಿಚಾರಣೆ ಎಂದರೆ ಏನೂ ಮಾಡದೆ ಕುರ್ಚಿಯಲ್ಲಿ ಕೂತಿರುವುದು ಎಂದು ನಿಮಗೂ ಗೊತ್ತಿರಬಹುದು. ಆದರೆ ಕೈ ಸುಮ್ಮನಿರಬೇಕಲ್ಲ. ಕೆಳಗೆ ಬಿದ್ದಿದ್ದ ಕೆಂಪು ಚೂರೊಂದನ್ನು ಎತ್ತಿಕೊಂಡು ಬೆರಳಿಗೆ ಸುತ್ತಿದೆ, ತುದಿ ತಿರುಚಿದೆ, ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಹೆಬ್ಬೆರಳ ಗಾತ್ರದ ಹತ್ತು ಹನ್ನೆರಡು ಕೆಂಪು ಟೊಪ್ಪಿಗೆಗಳು ಮೇಜಿನ ಅಂಚಿನಲ್ಲಿ ಸಾಲಾಗಿ ನಿಂತಿದ್ದವು.

"ಮೇಡಂ, ಇವು ಏನ್ರಿ? ಗೊಂಬಿ ಟೊಪಿಗಿ ಏನ್ರಿ?" ಎಂದಳು ಒಬ್ಬಳು.

"ಬೆಂಡಿ ಮೊಗ್ಗಿನ ಟೊಪಿಗಿ," ಎಂದೆ.

ಅವಳು ನಕ್ಕಳು. ಮಾತು ಮಾತಿಗೆ "ಆಧಾರ ಏನು?" ಎಂದು ಕೇಳುವ ಮೇಡಂಗೂ ತಮಾಷೆ ಬರುತ್ತದೆಂದು ಅವಳಿಗೆ ಸೋಜಿಗವಾಗಿರಬೇಕು. ನಾನು ತಮಾಷೆ ಮಾಡಿರಲಿಲ್ಲ. ನನ್ನ ಬೆರಳುಗಳಿಗೆ ಈ ವಿದ್ಯೆ ಕಲಿಸಿದವಳು ನನ್ನ ಎಸ್ತೇರತ್ತಿ, ಅಂದರೆ ನಮ್ಮ ಅಪ್ಪನ ಅಕ್ಕ. ನನ್ನ ಜೀವನದ ಒಂದು ದೊಡ್ಡ ಸೋಲು ಈ ಟೊಪ್ಪಿಗೆಯಿಂದಲೇ ಆಯಿತು. ಅದನ್ನು ನಿಮಗೆ ಹೇಳಬೇಕು. ಸೋತವರ ಕಡೆಯಿಂದ ಕಥೆ ಕೇಳುವುದು ಯಾವಾಗಲೂ ಹೆಚ್ಚು ರುಚಿ.

ನಮ್ಮ ಮನೆ ಹಿರೇಕೆರೂರಿನಲ್ಲಿ. ಡಿಗ್ರಿಗೆ ಸೇರಿದ್ದು ಹಾನಗಲ್ಲಿನಲ್ಲಿ. ದಿನಾ ಬಸ್ಸಿನಲ್ಲಿ ಓಡಾಡಿದರೆ ಓದುವುದು ಯಾವಾಗ ಎಂದು ಅಪ್ಪ ನನ್ನನ್ನು ಆಡೂರಿನ ಹತ್ತಿರದ ಹಳ್ಳಿಯಲ್ಲಿದ್ದ ಅತ್ತಿಯ ಮನೆಯಲ್ಲಿ ಬಿಟ್ಟರು. ಮೂರು ವರ್ಷ ಅಲ್ಲಿದ್ದೆ. ಎರಡು ಕೋಣೆಯ ಮನೆ; ಗೋಡೆಯ ಮೇಲೊಂದು ಮರದ ಶಿಲುಬೆ; ಅದರ ಕೆಳಗೆ, ನಾನು ಒಂದೊಂದಾಗಿ ತಂದಿಟ್ಟ ಚರ್ಚಾಸ್ಪರ್ಧೆಯ ಶೀಲ್ಡುಗಳು. ನಮ್ಮ ಮನೆತನ ಮೂರು ತಲೆಮಾರಿನಿಂದ ಕ್ರೈಸ್ತರದು. ನಾಲ್ಕನೆಯದಾದ ನಾನು ಪಿಯುಸಿಯಲ್ಲಿದ್ದಾಗಲೇ ದೇವರಿಗೆ ರಾಜೀನಾಮೆ ಕೊಟ್ಟಿದ್ದೆ. ಆತ ಸ್ವೀಕರಿಸಿದನೋ ಇಲ್ಲವೋ ಎಂದು ವಿಚಾರಿಸುವ ಗೋಜಿಗೆ ಹೋಗಿರಲಿಲ್ಲ.

ಚರ್ಚಾಸ್ಪರ್ಧೆ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು. ಅಲ್ಲಿ ಚೀಟಿ ಎತ್ತುತ್ತಾರೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಚೀಟಿ ಬಿಚ್ಚಿದ ಹತ್ತು ನಿಮಿಷದಲ್ಲಿ ನನ್ನಲ್ಲೊಂದು ಗಟ್ಟಿ ನಂಬಿಕೆ ಹುಟ್ಟುತ್ತಿತ್ತು. ವೇದಿಕೆ ಇಳಿದು ಚಹಾ ಕುಡಿಯುವಷ್ಟರಲ್ಲಿ ಅದು ಸತ್ತೂ ಹೋಗುತ್ತಿತ್ತು. ಈ ಕಲೆಯಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನಲು ಮೂರು ಅಂಶಗಳಲ್ಲಿ ಮಂಡಿಸುತ್ತಿದ್ದೆ. ಅತ್ತಿ ಮೂರನ್ನೂ ಕೇಳಿ ಉಪ್ಪಿನ ಡಬ್ಬಿ ನನ್ನ ಮುಂದೆ ಸರಿಸುತ್ತಿದ್ದಳು. ಅಲ್ಲಿಗೆ ಚರ್ಚೆ ಮುಕ್ತಾಯ.

ಅತ್ತಿಯ ಪ್ರಾರ್ಥನೆ ನೋಡಬೇಕಿತ್ತು ನೀವು. ಬೇರೆಯವರಂತೆ ಅವಳಿಗೆ ಅದಕ್ಕೊಂದು ಹೊತ್ತು, ಒಂದು ಚಾಪೆ ಇರಲಿಲ್ಲ. ಬೆಳಿಗ್ಗೆ ಎಮ್ಮೆ ಹಿಂಡಿ ಬಂದು ಹಾಲು ಒಲೆಯ ಮೇಲಿಟ್ಟು, ಸೆರಗು ತಲೆಗೆ ಎಳೆದುಕೊಂಡು ಅಲ್ಲೇ ನಿಂತು ಕಣ್ಣು ಮುಚ್ಚುತ್ತಿದ್ದಳು. ಹಾಲು ಉಕ್ಕುವ ಗಳಿಗೆಗೆ ಸರಿಯಾಗಿ ಕಣ್ಣು ತೆರೆಯುತ್ತಿದ್ದಳು. ಒಂದು ದಿನವೂ ಹಾಲು ಚೆಲ್ಲಿದ್ದನ್ನು ನಾನು ಕಾಣಲಿಲ್ಲ. ನನ್ನೊಳಗಿನ ಸಂಶಯಪಿಶಾಚಿಗೆ ಇದು ಸಾಕಾಯಿತು.

"ಅತ್ತಿ, ಖರೇ ಹೇಳು. ನಿನ್ನ ಲಕ್ಷ್ಯ ದೇವ್ರ ಕಡೆ ಇರ್ತತೋ, ಹಾಲಿನ ಕಡೆ ಇರ್ತತೋ?"

"ಎರಡೂ ಉಕ್ಕತಾವ ಯವ್ವಾ. ಒಂದನ್ನ ಇಳಸಬೇಕು, ಒಂದನ್ನ ಹಂಗs ಬಿಡಬೇಕು. ನೀ ಹಲ್ಲು ತಿಕ್ಕಿದೇನು?"

ಇಂಥವಳು ಹೊಲದಲ್ಲಿ ಬೆಂಡೆಕಾಯಿ ‘ಕ್ರಾಸಿಂಗ್’ ಮಾಡುತ್ತಿದ್ದಳು. ಅಂಗಡಿಯಲ್ಲಿ ಹೊಳೆಯುವ ಪಾಕೀಟಿನಲ್ಲಿ ಹೈಬ್ರಿಡ್ ಬೀಜ ಸಿಗುತ್ತದಲ್ಲ, ಅದು ತಾನಾಗಿ ಆಗುವುದಿಲ್ಲ. ನಮ್ಮ ಹಿರೇಕೆರೂರು, ಹಾನಗಲ್ಲ ಕಡೆಯ ಹೆಂಗಸರ ಉಗುರಿನಲ್ಲಿ ಆಗುತ್ತದೆ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಬೇಕು. ಹೆಬ್ಬೆರಳ ಉಗುರಿನಿಂದ ಅದರ ಬುಡವನ್ನು ಸುತ್ತ ಗೀರಿ, ಹೊರಗಿನ ಹೊದಿಕೆಯನ್ನು ಕಳಚಿ, ಒಳಗಿನ ಗಂಡು ಭಾಗವನ್ನು ಕೆರೆದು ತೆಗೆಯಬೇಕು. ಇದು ಮೊಗ್ಗು ಸುಲಿಯುವುದು. ಉಳಿದ ಹೆಣ್ಣು ಭಾಗಕ್ಕೆ ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ, ಬೇರೆ ಜಾತಿಯ ಗಿಡದಿಂದ ಹೂ ತಂದು, ಟೊಪ್ಪಿಗೆ ತೆಗೆದು, ಅದರ ತಲೆಗೆ ಮೆತ್ತಗೆ ಸವರಿ, ಗುರುತಿಗೊಂದು ದಾರ ಕಟ್ಟಬೇಕು. ಸುಲಿಯದ ಮೊಗ್ಗನ್ನು ಗಿಡದಲ್ಲಿ ಬಿಡುವಂತಿಲ್ಲ. ಬಿಟ್ಟರೆ ಅದು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಿ, ಬೀಜ ಕಲಬೆರಕೆಯಾಗಿ, ಕಂಪನಿಯವರು ಇಡೀ ಹೊಲದ ಬೀಜವನ್ನೇ ಬೇಡವೆನ್ನುತ್ತಾರೆ. ಸುಲಿ, ಇಲ್ಲವೇ ಕಿತ್ತು ಒಗೆ. ಮೂರನೆಯ ದಾರಿ ಇಲ್ಲ. ಹೀಗೆ ಒಂದೂವರೆ ತಿಂಗಳು, ದಿನವೂ.

ಈಗ ಅತ್ತಿಯ ತೊಡಕು ನೋಡಿ. ಹಾನಗಲ್ಲಿನಲ್ಲಿ ಇಪ್ಪತ್ತು ಮನೆಗಳ ಒಂದು ಪುಟ್ಟ ಕ್ರೈಸ್ತ ಸಭೆ. ಆರಾಧನೆ ರವಿವಾರ ಒಂಬತ್ತೂವರೆಗೆ. ಬೆಂಡೆಹೂವಿಗೂ ಅದೇ ಹೊತ್ತು. ಶನಿವಾರ ಸಂಜೆ ಮೊಗ್ಗು ಸುಲಿದರೆ ರವಿವಾರ ಬೆಳಿಗ್ಗೆ ಹೊಲದಲ್ಲಿರಲೇಬೇಕು. ಅತ್ತಿ ಇದಕ್ಕೆ ಒಂದು ನೇಮ ಮಾಡಿಕೊಂಡಿದ್ದಳು: ಶನಿವಾರ ಸಂಜೆ ಸುಲಿಯುವುದಿಲ್ಲ. ಅಂದು ಸುಲಿಯಬೇಕಾದ ಮೊಗ್ಗುಗಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕುವುದು. ಏಳರಲ್ಲಿ ಒಂದು ದಿನದ ಬೆಳೆ, ಹಾಗೆಯೇ, ಕಾಯಾಗುವ ಮೊದಲೇ ನೆಲಕ್ಕೆ. ಊರಲ್ಲಿ ಅದಕ್ಕೆ ‘ಏಸಪ್ಪನ ಪಾಲು’ ಎಂದು ಹೆಸರಿಟ್ಟು ನಗುತ್ತಿದ್ದರು. ಏಸಪ್ಪನ ಪಾಲು ತಿನ್ನುತ್ತಿದ್ದುದು ಮಾತ್ರ ಮಾಬೂಬಿ ಚಾಚಿಯ ಆಡುಗಳು.

ಮಾಬೂಬಿ ಚಾಚಿ ಸವಣೂರಿನ ಮಗಳು, ಈ ಊರಿನ ಸೊಸೆ. ಅತ್ತಿಯ ಹೊಲಕ್ಕೆ ಕ್ರಾಸಿಂಗಿಗೆ ಬರುತ್ತಿದ್ದಳು. ಬೆಂಡೆಗಿಡದ ಮೇಲಿನ ಸಣ್ಣ ಮುಳ್ಳುಕೂದಲು, ಸುಂಕು, ಮೈಗೆ ತಾಗಿದರೆ ತುರಿಕೆ. ಅದಕ್ಕೆ ಇಬ್ಬರೂ ಸೀರೆಯ ಮೇಲೆ ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ತೊಟ್ಟು ನಿಂತರೆ, ದೂರದಿಂದ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಮಧ್ಯಾಹ್ನದ ನಮಾಜಿಗೆ ಚಾಚಿ ಬೇವಿನ ನೆರಳಿಗೆ ಹೋದಾಗ ಅತ್ತಿ ಅವಳ ಸಾಲನ್ನೂ ಹಿಡಿಯುತ್ತಿದ್ದಳು.

"ನಿನ್ನ ದೇವ್ರು ಚಲೋ ನೋಡು ಎಸ್ತೇರಕ್ಕ, ವಾರಕ್ಕೊಮ್ಮೆ ಕರದು ಸುಮ್ನಿರತಾನ. ನನ್ನಂವ ದಿನಕ್ಕ ಐದ್ ಸಲ ಹಾಜರಿ ತಗೋತಾನ," ಎನ್ನುತ್ತಿದ್ದಳು ಚಾಚಿ ಮರಳಿ ಬಂದು.

"ನಿನ್ನ ಮ್ಯಾಲೆ ಆತಗ ಭರೋಸಾ ಕಮ್ಮಿ," ಎನ್ನುತ್ತಿದ್ದಳು ಅತ್ತಿ, ತಲೆಯೆತ್ತದೆ.

ಇಬ್ಬರ ಈ ಹೊಂದಾಣಿಕೆ ನನಗೆ ಸಹಿಸಲಾಗುತ್ತಿರಲಿಲ್ಲ. ಯಾರೂ ಯಾರನ್ನೂ ಖಂಡಿಸದ ಜಗತ್ತಿನಲ್ಲಿ ಚರ್ಚಾಪಟುವಿಗೆ ಕೆಲಸವೇನು? ಮೊಗ್ಗು ಬುಟ್ಟಿಗೆ ಬೀಳುವ ಶನಿವಾರಗಳಂದು ನನ್ನ ಹೊಟ್ಟೆ ಉರಿಯುತ್ತಿತ್ತು. ಹೊಲದ ಬದುವಿನ ಮೇಲೆ ಕೂತು ಅತ್ತಿಯನ್ನು ಪೀಡಿಸುತ್ತಿದ್ದೆ.

"ಬೆಂಡಿಗಿಡ ಮಾಡಿದಂವ ಯಾರು?"

"ದೇವ್ರು."

"ರವಿವಾರನೂ ಹೂ ಬಿಡು ಅಂತ ಅದಕ್ಕ ಹೇಳಿದಂವ ಯಾರು?"

"ಅವನs."

"ಮತ್ತ ಅವನs ಬಿಡಿಸಿದ ಹೂವು ನೀ ಯಾಕ ಕಿತ್ತು ಒಗೀತಿ? ಎತ್ತು ಬಾವ್ಯಾಗ ಬಿದ್ರ ವಿಶ್ರಾಂತಿ ದಿನಾನೂ ಎತ್ತಬೇಕು ಅಂತ ನಿಮ್ಮ ಯೇಸುಸ್ವಾಮಿನೇ ಹೇಳ್ಯಾನಲ್ಲ. ರವಿವಾರ ಕೆಲಸ ಮಾಡಬ್ಯಾಡ ಅನ್ನೋದು ಏನು ಕಲ್ಲಿನ ಮ್ಯಾಲೆ ಬರದೈತೇನು?"

ಆಡೂರಿನಲ್ಲಿ ಹಳೆಯ ಶಾಸನದ ಕಲ್ಲುಗಳಿವೆ. ಒಂದು ಸಂಗತಿ ಕಲ್ಲಿನ ಮೇಲೆ ಬರೆದಿದ್ದರೆ ಮಾತ್ರ ಒಪ್ಪುತ್ತೇನೆ ಎನ್ನುವುದು ಆಗ ನನ್ನ ಮೆಚ್ಚಿನ ಮಾತಾಗಿತ್ತು.

"ಹೌದಲ್ಲವಾ," ಎಂದಳು ಅತ್ತಿ, "ದೇವ್ರು ಮೋಶೆ ಕೈಯಾಗ ಹತ್ತು ಆಜ್ಞೆ ಕೊಟ್ಟಾಗ ಕಲ್ಲಿನ ಮ್ಯಾಲೆನೇ ಬರದಿತ್ತು."

ಚಾಚಿ ಬಿದ್ದು ಬಿದ್ದು ನಕ್ಕಳು. ಇಡೀ ಜಿಲ್ಲೆಯಲ್ಲಿ ನನ್ನ ವಾದಕ್ಕೆ ನಗುವವರಿರಲಿಲ್ಲ. ಈ ಹೊಲದಲ್ಲಿ ಇಬ್ಬರಿದ್ದರು. ಆ ನಗೆ ನನ್ನನ್ನು ಚುಚ್ಚಿತು. ಒಂದು ಸಲ, ಒಂದೇ ಸಲ, ಅತ್ತಿಯಿಂದ ‘ನೀ ಹೇಳಿದ್ದs ಖರೆ’ ಎನ್ನಿಸಬೇಕು ಎಂದು ಹಟ ಹುಟ್ಟಿದ್ದು ಆವಾಗಲೇ.

ಮೂರನೆಯ ವರ್ಷದ ದಸರೆಯ ರಜೆ. ಮುಂದಿನ ರವಿವಾರ ಸಭೆಯಲ್ಲಿ ಬೆಳೆಯ ಹಬ್ಬವಿತ್ತು. ಅಂದು ಎಲ್ಲರೂ ಹೊಲದಲ್ಲಿ ಬೆಳೆದದ್ದನ್ನು ತಂದು ದೇವರ ಮುಂದೆ ಇಡುತ್ತಾರೆ, ಮೊದಲ ಫಲದ ವಿಷಯವಾಗಿ ಒಂದು ಭಾಗ ಓದುತ್ತಾರೆ. ವಾಕ್ಯ ಓದುವುದಕ್ಕೆ ಸಭೆಯಲ್ಲಿ ಪಾಳಿ ಉಂಟು. ಬೆಳೆಹಬ್ಬದ ಓದು ತನಗೇ ಬೇಕೆಂದು ಅತ್ತಿ ಎರಡು ತಿಂಗಳ ಹಿಂದೆಯೇ ಸಭೆ ನಡೆಸುವ ಉಪದೇಶಿ ಅಯ್ಯನವರಿಗೆ ಹೇಳಿ ಹೆಸರು ಬರೆಸಿದ್ದಳು. ಯಾರಲ್ಲೂ ಏನನ್ನೂ ಕೇಳದವಳು ಕೇಳಿ ಪಡೆದದ್ದು ಅದೊಂದೇ. ವಾರವಿಡೀ ಎಮ್ಮೆ ಹಿಂಡುವಾಗ, ರೊಟ್ಟಿ ಬಡಿಯುವಾಗ ಆ ಭಾಗವನ್ನು ಬಾಯಲ್ಲಿ ಮೆಲ್ಲಗೆ ಆಡಿಸುತ್ತಿದ್ದಳು. ಅಂಗಳದ ಬಳ್ಳಿಯ ದೊಡ್ಡ ಕುಂಬಳಕಾಯಿ ಹಬ್ಬಕ್ಕೆಂದು ತೊಳೆಸಿಕೊಂಡು ಬಾಗಿಲ ಬಳಿ ಕೂತಿತ್ತು.

ಶನಿವಾರ ಸಂಜೆ ಅತ್ತಿ, ಚಾಚಿ ಮುಂದಿನ ಸಾಲುಗಳ ಮೊಗ್ಗು ಕೀಳತೊಡಗಿದರು. ಹಿಂದಿನ ನಾಲ್ಕು ಸಾಲು ನನಗೆ ಬಿಟ್ಟರು. ಅಲ್ಲಿ ನಿಂತಾಗ ನನ್ನ ತಲೆಯಲ್ಲಿ ಒಂದು ಅದ್ಭುತ ವಾದ ಹೊಳೆಯಿತು. ಎಷ್ಟು ಸರಳ ನೋಡಿ: ರವಿವಾರದ ನೇಮ ನಂಬುವವರಿಗೆ. ನಾನು ನಂಬುವುದಿಲ್ಲ. ಆದ್ದರಿಂದ ನನಗೆ ರವಿವಾರವಿಲ್ಲ. ನಾನು ಈ ಮೊಗ್ಗು ಸುಲಿದಿಟ್ಟು ನಾಳೆ ಬೆಳಿಗ್ಗೆ ನಾನೇ ಹೂ ಸವರಿದರೆ ಅತ್ತಿಯ ಆರಾಧನೆಗೂ ಭಂಗವಿಲ್ಲ, ಬೆಳೆಗೂ ನಷ್ಟವಿಲ್ಲ. ಮಧ್ಯಾಹ್ನ ಅವಳು ಮರಳಿ ಬಂದಾಗ ನಾಲ್ಕು ಸಾಲಿಗೂ ದಾರ ಕಟ್ಟಿರುತ್ತದೆ, ಮಾತೇ ಬೇಡ. ನಾನು ಸುಲಿಯತೊಡಗಿದೆ. ಒಂದೊಂದಕ್ಕೂ ಕೆಂಪು ಟೊಪ್ಪಿಗೆ ಹಾಕಿದೆ. ಅತ್ತಿ ಓದು ನೋಡಿಕೊಳ್ಳಲು ಬೇಗ ಮನೆಗೆ ಹೊರಟು, "ಮುಗಿಸಿ ಬಾರವಾ, ಕತ್ತಲಾಗೂದ್ರೊಳಗ," ಎಂದು ಕೂಗಿದಳು. "ಹೂಂ," ಎಂದೆ.

ನನಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಮೂರು ವರ್ಷವೂ ರವಿವಾರ ಬೆಳಿಗ್ಗೆ ನಾನು ಎಂಟಕ್ಕೆ ಮೊದಲು ಎದ್ದವಳಲ್ಲ. ಅತ್ತಿ ಬಸ್ಸಿಗೆ ಹೋಗುವ ಮೊದಲು, ಬೆಳಕು ಹರಿಯುತ್ತಲೇ ಹೊಲಕ್ಕೆ ಒಂದು ಸುತ್ತು ಹಾಕುತ್ತಿದ್ದಳು, ಹಿಂದಿನ ಸಂಜೆ ಕಣ್ಣು ತಪ್ಪಿದ ಮೊಗ್ಗು ಉಳಿದಿದ್ದರೆ ಕೀಳಲು.

ಅತ್ತಿಯ ಗಂಡ, ನಮ್ಮ ಮಾಮಾ, ಬಂದು ನನ್ನನ್ನು ಎಬ್ಬಿಸಿದರು. ಅವರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. "ನಿಮ್ಮತ್ತಿ ಹೊಲದಾಗ ಕರೀಲಿಕತ್ತಾಳ," ಎಂದರು. ಆ ದಿನದ ಮಾತಿನಲ್ಲಿ ಅರ್ಧ ಖರ್ಚಾಯಿತು.

ಹೋದೆ. ಹಬ್ಬದ ಬಿಳಿ ಸೀರೆಯುಟ್ಟು, ಒದ್ದೆ ಕೂದಲಿಗೆ ಗಂಟು ಹಾಕಿ ಅತ್ತಿ ಹಿಂದಿನ ಸಾಲಿನ ತಲೆಗೆ ನಿಂತಿದ್ದಳು. ಎಳೆಬಿಸಿಲಿನಲ್ಲಿ ನನ್ನ ಕೆಂಪು ಟೊಪ್ಪಿಗೆಗಳು ಶಾಲೆಯ ಮಕ್ಕಳಂತೆ ಸಾಲುಗಟ್ಟಿದ್ದವು. ಆಡು ಹೊಡೆದುಕೊಂಡು ಹೊರಟಿದ್ದ ಮಾಬೂಬಿ ಚಾಚಿಯೂ ಬದುವಿನ ಮೇಲೆ ನಿಂತಿದ್ದಳು.

"ಇದೇನವಾ?" ಎಂದಳು ಅತ್ತಿ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ವಾದ ಮಂಡಿಸಿದೆ. ನಂಬುವವರು, ನಂಬದವರು, ಆದ್ದರಿಂದ, ಆದಕಾರಣ. ಬೆಳಿಗ್ಗೆ ಆರೂವರೆಗೆ ಖಾಲಿ ಹೊಟ್ಟೆಯಲ್ಲಿ ನಾನು ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. "ನೀ ಹೋಗಿ ಬಾ ಅತ್ತಿ. ನಾ ಎಲ್ಲಾ ಮಾಡ್ತೇನಿ."

"ಒಬ್ಬಾಕಿ? ನಾಲ್ಕ್ ಸಾಲು? ಹನ್ನೊಂದ್ರೊಳಗ?" ಎಂದಳು ಚಾಚಿ. "ಹೋದ ವಾರ ಈಕಿ ಸವರಿದ್ರಾಗ ಅರ್ಧಾ ಕಾಯಿನs ಕಚ್ಚಿಲ್ಲ. ಹೂವಿಂದ ಸವರತಾಳೋ, ಭಾಂಡೆ ತಿಕ್ಕತಾಳೋ."

"ಹಂಗಾರ ಕಿತ್ತು ಒಗದುಬಿಡು," ಎಂದೆ ನಾನು, ಮುಖ ಕೆಂಪಗಾಗಿ. "ವಾರಾ ವಾರಾ ಒಗೀತಿಯಲ್ಲ."

ಅತ್ತಿ ಒಂದು ಟೊಪ್ಪಿಗೆ ಎತ್ತಿ ಒಳಗೆ ನೋಡಿದಳು. ಮತ್ತೆ ಮುಚ್ಚಿದಳು. "ಸುಲಿಯೂಕ ಮೊದ್ಲು ಕಿತ್ರ ಅದು ನಾ ಬಿಟ್ಟಿದ್ದು. ಸುಲಿದು ಒಗದ್ರ ಅದು ಕೆಡಿಸಿದ್ದು. ಇವು ಈಗ ತಾವಾಗಿ ಏನೂ ಮಾಡ್ಕೊಳ್ಳಾಕ ಬರಂಗಿಲ್ಲ ಯವ್ವಾ. ದಾರಿ ನೋಡ್ಕೋತ ಕುಂತಾವ."

"ಅದಕ್ಕs ನಾ ಮಾಡ್ತೇನಿ ಅಂದೆನಲ್ಲ."

"ನಿನ್ನ ಕೈಲೆ ಕೆಲಸ ಹಚ್ಚಿ ನಾ ಹಾಡಾಕ ಹೋಗ್ಲೇನು? ಮನ್ಯಾಗಿನ ಆಳಿಗೂ ಬಿಡುವು ಅಂತೈತಿ ಆ ಕಲ್ಲಿನ ಮ್ಯಾಲೆ. ನೀ ಆಳಿಗಿಂತ ಕಡಿಮ್ಯಾದಿ ಏನು?"

ಅತ್ತಿ ಹಾನಗಲ್ಲ ರಸ್ತೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇವಿನ ಕೊಂಬೆಗೆ ನೇತುಹಾಕಿದ್ದ ಮಾಮಾನ ಹಳೆಯ ಅಂಗಿಯನ್ನು ಬಿಳಿ ಸೀರೆಯ ಮೇಲೆ ತೊಟ್ಟುಕೊಂಡಳು.

"ಎತ್ತು ಬಾವ್ಯಾಗ ಬಿದ್ದೈತಿ, ನಾ ಎತ್ತತೇನಿ. ನೀ ಮನಿಗೆ ಹೋಗಿ ಮೈ ತೊಳ್ಕೊ. ಏಳೂವರೆ ಬಸ್ಸಿಗೆ ಕುಂಬಳಕಾಯಿ ತಗೊಂಡು ಹೋಗಿ ನನ್ನ ಓದು ಓದಿ ಬಾ."

ನಾನು ಬೆಚ್ಚಿದೆ. "ನಾನು? ಅತ್ತಿ, ನಾ ನಂಬಂಗಿಲ್ಲ."

"ನಂಬು ಅಂತ ಯಾರಂದ್ರು? ಓದು ಅಂದೆ."

"ನಂಬಲಾರದ್ದು ನಾ ಹ್ಯಾಂಗ ಓದ್ಲಿ? ಅದು ಸುಳ್ಳು ಆಗ್ತತಿ."

"ಗ್ವಾಡಿಗೆ ಅಷ್ಟು ಶೀಲ್ಡ್ ಇಟ್ಟೀಯಲ್ಲ," ಎಂದಳು ಅತ್ತಿ, ಗಂಡುಹೂ ತರಲು ಬುಟ್ಟಿ ಎತ್ತಿಕೊಳ್ಳುತ್ತ, "ಅವೆಲ್ಲಾ ನಂಬಿ ಮಾತಾಡಿ ತಂದಿದ್ದೇನು? ಚೀಟಿ ಬಂದಂಗ ಮಾತಾಡ್ತೇನಿ ಅಂತಿದ್ದಿ. ಇವತ್ತಿನ ಚೀಟಿ ಇದು."

ಚಾಚಿ ಆಡುಗಳನ್ನು ಬದುವಿಗೆ ಬಿಟ್ಟು, ಕರೆಯದೆಯೇ ಸಾಲಿಗೆ ಇಳಿದಳು. ಹೋಗುವ ನನ್ನ ಬೆನ್ನಿಗೆ ಅವಳ ಮಾತು ಬಂತು: "ಹೋಗ್ಬಾ ವಕೀಲವ್ವಾ. ಏಸಪ್ಪನ ಪರವಾಗಿ ಗೆದ್ದ್ ಬಾ."

ತೊಡೆಯ ಮೇಲೆ ಕುಂಬಳಕಾಯಿ ಇಟ್ಟುಕೊಂಡು ಹಾನಗಲ್ಲಿನವರೆಗೆ ಬಸ್ಸಿನಲ್ಲಿ ಕೂತಿದ್ದೆ. ಮಗುವೂ ಅಷ್ಟು ಭಾರವಿರಲಾರದು. ಸಭೆಯವರು ನನ್ನನ್ನು ಕಂಡು ಹಿಗ್ಗಿದರು. ಉಪದೇಶಿ ಅಯ್ಯನವರಿಗೆ ಸಂಗತಿ ಹೇಳಿದೆ. ಅಂದರೆ, ಅತ್ತಿಗೆ ಹೊಲದಲ್ಲಿ ಕೆಲಸ ಬಂತು ಎಂದೆ, ಕೆಲಸ ಹುಟ್ಟಿಸಿದವರ ಹೆಸರು ಹೇಳಲಿಲ್ಲ. ಅವರ ಮುಖ ಒಂದಿಷ್ಟು ಇಳಿಯಿತು. "ಆಕಿ ಭಾಳ ಆಸೆ ಇಟ್ಕೊಂಡಿದ್ಳಲ್ಲವಾ," ಎಂದಷ್ಟೇ ಹೇಳಿದರು.

ಮುಂದೆ ಜೋಳದ ತೆನೆ, ಬಾಳೆಗೊನೆ, ಸೌತೆಕಾಯಿ, ಕಾಲು ಕಟ್ಟಿದ ಒಂದು ಹುಂಜ, ನನ್ನ ಕುಂಬಳಕಾಯಿ. ನಾನು ಓದಲು ನಿಂತೆ. ನೂರಾರು ಜನರ ಮುಂದೆ ಅಳುಕದವಳು ಆ ನಲವತ್ತು ಜನರ ಮುಂದೆ ಓದಬೇಕಾದ ಸಾಲನ್ನು ಬೆರಳಿಟ್ಟು ಹುಡುಕಿದೆ. ಕಾರಣ ಆಮೇಲೆ ಹೊಳೆಯಿತು: ಅವರಲ್ಲಿ ಒಬ್ಬರೂ ನನ್ನ ತಪ್ಪು ಹಿಡಿಯಲು ಕೂತಿರಲಿಲ್ಲ. ಎದುರಾಳಿ ಇಲ್ಲದ ಕಡೆ ಹೇಗೆ ನಿಲ್ಲಬೇಕೆಂದು ಯಾರೂ ನನಗೆ ಕಲಿಸಿರಲಿಲ್ಲ. ಕೊನೆಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ದನಿ ಏರಿಸಿದೆ, ಇಳಿಸಿದೆ, ಮುಖ್ಯ ಪದಗಳಲ್ಲಿ ತೋರುಬೆರಳೆತ್ತಿದೆ, ಚಪ್ಪಾಳೆ ಬೀಳಬೇಕಾದಲ್ಲಿ ತಡೆದು ನಿಂತೆ. ಚಪ್ಪಾಳೆ ಬೀಳಲಿಲ್ಲ, ಯಾರದೋ ಮಗು ಕೆಮ್ಮಿತು. ಕೊನೆಯ ಸಾಲು ಮುಗಿದದ್ದೇ, ಐದು ವರ್ಷದ ರೂಢಿ ನನ್ನ ಬಾಯಿಂದ ತಾನಾಗಿ ಹೊರಬಿತ್ತು:

"ಇಷ್ಟು ಹೇಳಿ, ನಿರ್ಣಾಯಕರಿಗೆ ವಂದಿಸಿ, ನನ್ನ ವಾದವನ್ನು ಮುಗಿಸುತ್ತೇನೆ."

ಹಿಂದಿನ ಸಾಲಿನ ಒಬ್ಬ ಅಜ್ಜಿ ಗಟ್ಟಿಯಾಗಿ "ಆಮೆನ್" ಎಂದಳು. ಎಲ್ಲರೂ "ಆಮೆನ್" ಎಂದರು.

ಹೊರಡುವಾಗ ಅಯ್ಯನವರು ಬಾಗಿಲವರೆಗೆ ಬಂದರು. "ಚಲೋ ಓದಿದಿ ತಂಗಿ. ಒಂದು ಅಕ್ಷರ ತಪ್ಪಲಿಲ್ಲ," ಎಂದರು. ಸ್ವಲ್ಪ ಯೋಚಿಸಿ, "ಬ್ಯಾಸರ ಮಾಡ್ಕೋಬ್ಯಾಡ. ನಿಮ್ಮತ್ತಿ ಓದಿದ್ರ ಅದು ನಮಗs ಬಂದ ಕಾಗದ ಅನಸ್ತೈತಿ. ನೀ ಓದಿದ್ದು ಯಾರಿಗೋ ಕೊಟ್ಟ ನೋಟೀಸ್ ಇದ್ದಂಗ ಇತ್ತು," ಎಂದರು. ನನ್ನ ವಾಕ್ಚಾತುರ್ಯದ ಬಗ್ಗೆ ಇದುವರೆಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ನಿಖರವಾದದ್ದು ಇನ್ನೊಂದಿಲ್ಲ.

ಮರಳಿ ಬರುವಾಗ ಒಂದು ವಾದ ಕಟ್ಟುತ್ತಿದ್ದೆ. ಹೊಲದಲ್ಲಿ ಅತ್ತಿ ಹಾಡು ಹೇಳುತ್ತ ಹೂ ಸವರುತ್ತಿರುತ್ತಾಳೆ, ದುಡಿಮೆಯೇ ಅವಳ ಆರಾಧನೆ, ಹೊಲವೇ ಗುಡಿ. ಇಂಥ ಚಂದದ ಮುಕ್ತಾಯ ಸಿಕ್ಕರೆ ನನ್ನ ತಪ್ಪೂ ಅದರಲ್ಲಿ ಕರಗುತ್ತದೆ ಎಂದು ಲೆಕ್ಕ. ಹೊಲ ಮುಟ್ಟಿದಾಗ ಹನ್ನೆರಡು ದಾಟಿತ್ತು. ನಾಲ್ಕು ಸಾಲಿಗೂ ದಾರ ಕಟ್ಟಿತ್ತು. ಇಬ್ಬರೂ ಬದುವಿನ ಮೇಲೆ ರೊಟ್ಟಿ ಬಿಚ್ಚಿದ್ದರು. ಬಿಳಿ ಸೀರೆಯ ಅಂಚು ಹಸಿರಾಗಿತ್ತು. ಹಾಡಿನ ಸುಳಿವೂ ಇರಲಿಲ್ಲ.

"ಹ್ಯಾಂಗ ಓದಿದಿ?"

ಮುಚ್ಚಿಡದೆ ಹೇಳಿದೆ. ನಿರ್ಣಾಯಕರಿಗೆ ವಂದಿಸಿದ್ದನ್ನೂ ಹೇಳಿದೆ. ಅತ್ತಿ ತುತ್ತು ಹಿಡಿದ ಕೈಯನ್ನೇ ಬಾಯಿಗೆ ಅಡ್ಡವಿಟ್ಟು ನಕ್ಕಳು. ಚಾಚಿ ರೊಟ್ಟಿ ಕೆಳಗಿಟ್ಟು ನಕ್ಕಳು. "ನಿರ್ಣಾಯಕ ಅಂದ್ರ ಮ್ಯಾಲಿನವನs ಅಲ್ಲೇನು? ತಪ್ಪೇನಂದ್ಳು ಪಾಪ ಹುಡುಗಿ," ಎಂದು ಚಾಚಿ ನನ್ನ ಪರ ವಹಿಸಿದಳು. ನಗೆ ಇಳಿದ ಮೇಲೆ ನಾನು ನನ್ನ ಚಂದದ ಮುಕ್ತಾಯಕ್ಕೆ ಕೈ ಹಾಕಿದೆ.

"ಇಲ್ಲೇ ಹಾಡ್ಕೋತ ಮಾಡಿರಬೇಕಲ್ಲ ಅತ್ತಿ? ಇದೂ ಒಂದು ಆರಾಧನೇನ ಆತಲ್ಲ."

"ಇಲ್ಲವಾ," ಎಂದಳು ಅತ್ತಿ. "ಕೆಲಸ ಕೆಲಸನs. ಹೂ ಸವರೂ ಮುಂದ ಹೂವಿನ ಮ್ಯಾಲೆ ಚಿತ್ತ ಇಡಬೇಕು, ಇಲ್ಲಾಂದ್ರ ಕಾಯಿ ಕಚ್ಚಂಗಿಲ್ಲ. ನನಗ ಅಲ್ಲಿ ಹೋಗಬೇಕಿತ್ತು." ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀ ತಿಳ್ಕೊಂಡೀ, ನಾ ದೇವ್ರಿಗೆ ಒಂದು ದಿನ ಕೊಡ್ತೇನಿ ಅಂತ. ನಾ ಏನು ಕೊಡ್ತೇನಿ? ಎಮ್ಮಿಗೂ ನಾ ಬೇಕು, ಒಲಿಗೂ ನಾ ಬೇಕು, ಈ ಗಿಡಕ್ಕೂ ನಾ ಬೇಕು. ವಾರದಾಗ ನಾ ಕುಂದ್ರೂದು ಅದೊಂದs ತಾಸು. ಅಲ್ಲಿ ಯಾರಿಗೂ ನನ್ನಿಂದ ಏನೂ ಬೇಕಾಗಿರಂಗಿಲ್ಲ. ಕುಂತಿದ್ರ ಸಾಕು. ಓದೂದು ಬಂದ್ರ ಎದ್ದು ಓದಿ ಮತ್ತ ಕುಂದ್ರೂದು."

ನಾನು ಮೂರು ವರ್ಷ ಅವಳೊಡನೆ ದೇವರ ಬಗ್ಗೆ, ನಷ್ಟದ ಬಗ್ಗೆ, ಕಲ್ಲಿನ ಬಗ್ಗೆ ವಾದಿಸಿದ್ದೆ. ಅವಳು ಎಲ್ಲಿ ಕೂರುತ್ತಾಳೆ, ಯಾವಾಗ ಕೂರುತ್ತಾಳೆ ಎಂದು ಒಮ್ಮೆಯೂ ನೋಡಿರಲಿಲ್ಲ. ನೆನಪು ಮಾಡಿಕೊಂಡೆ. ಊಟಕ್ಕೂ ಅವಳು ಒಲೆಯ ಮುಂದೆ ತುದಿಗಾಲಲ್ಲೇ. ಪ್ರಾರ್ಥನೆಯೂ ನಿಂತುಕೊಂಡೇ. ಅವಳು ಬೆನ್ನು ಗೋಡೆಗೆ ಕೊಟ್ಟು ಕೂತ ಒಂದು ಚಿತ್ರವೂ ನನ್ನ ಬಳಿ ಇರಲಿಲ್ಲ. ಅವಳಿಗೆ ಇದ್ದ ಆ ಒಂದು ತಾಸನ್ನು, ಅದೂ ಕೇಳಿ ಪಡೆದ ಹಬ್ಬದ ತಾಸನ್ನು, ನನ್ನ ವಾದವೊಂದು ನಿಜವೆಂದು ತೋರಿಸಲು ಕಿತ್ತುಕೊಂಡಿದ್ದೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ, ವಾದಕ್ಕಷ್ಟೇ ಪಳಗಿದ ನಾಲಗೆಯಿಂದ ಹೊರಬಿದ್ದದ್ದು ‘ಮೊದಲನೇದಾಗಿ’ ಎಂಬ ಮಾತು.

"ರೊಟ್ಟಿ ತಿನ್ನು," ಎಂದಳು ಅತ್ತಿ. "ಮುಂದಿನ ವಾರ ಐತಲ್ಲ."

ಮುಂದಿನ ಶನಿವಾರ ಸಂಜೆ ನಾನು ಹಿಂದಿನ ನಾಲ್ಕಲ್ಲ, ಎಂಟು ಸಾಲಿನ ಮೊಗ್ಗು ಕಿತ್ತೆ. ಒಂದೂ ಸುಲಿಯಲಿಲ್ಲ. ರವಿವಾರ ಬೆಳಕು ಹರಿಯುವಾಗ ಅತ್ತಿಗಿಂತ ಮೊದಲೇ ಎದ್ದು ಹೊಲ ಸುತ್ತಿ ಬಂದು, "ಒಂದೂ ಉಳದಿಲ್ಲ, ನೀ ಆರಾಮ ತಲಿ ಒಣಗಿಸ್ಕೊ," ಎಂದೆ. ಅವಳು ನನ್ನನ್ನೂ ಹೊಲವನ್ನೂ ಒಂದು ಸಲ ನೋಡಿ, ಕೂದಲು ಹರವಿಕೊಂಡು ಬಿಸಿಲಿಗೆ ನಿಂತಳು. ಎಮ್ಮೆ ಹಿಂಡಲು ಹೋಗಿ ಒದೆಸಿಕೊಂಡದ್ದು ಬೇರೆ ಪ್ರಬಂಧದ ವಿಷಯ, ಹಾಲಂತೂ ಚೆಲ್ಲಿತು.

ಇಷ್ಟು ಕೇಳಿ ನೀವು ನಾನು ನಂಬತೊಡಗಿದೆ ಎಂದುಕೊಂಡರೆ ಅವಸರಪಟ್ಟಿರಿ. ನಂಬಿಕೆಯ ಪರವಾಗಿ ಇವತ್ತಿಗೂ ನನ್ನಲ್ಲಿ ಒಂದು ವಾದವಿಲ್ಲ. ಅತ್ತಿಯಲ್ಲೂ ಇಲ್ಲ; ಅವಳಿಗೆ ಅದರ ಕೊರತೆ ತಟ್ಟಿಲ್ಲ. ಅವಳ ಲೋಕದಲ್ಲಿ ಎಮ್ಮೆ, ಒಲೆ, ಹೊಲ, ದೇವರು ಒಂದರ ಮೇಲೊಂದು ತೂಗಲು ಇಟ್ಟ ಸಾಮಾನುಗಳಲ್ಲ. ಒಂದಕ್ಕೆ ಹೊತ್ತು ಸಿಗಬೇಕಾದರೆ ಇನ್ನೊಂದನ್ನು ಹಿಂದಿನ ಸಂಜೆಯೇ ಅಣಿಗೊಳಿಸಬೇಕು, ಅಷ್ಟೇ. ಮನೆಯವರಲ್ಲಿ ಯಾರಾದರೂ ಒಬ್ಬರು ಸಹಾಯ ಮಾಡಿದರೆ ಚೆನ್ನ. ಹಾಗೆ ಸಹಾಯ ಮಾಡುವವರು ನಂಬಲೇಬೇಕು ಎಂಬ ನಿಯಮವನ್ನು ನಾನು ಎಲ್ಲಿಯೂ ಕಂಡಿಲ್ಲ.

ಶಿಗ್ಗಾವಿಗೆ ಕೆಲಸಕ್ಕೆ ಬಂದು ಇದು ನಾಲ್ಕನೆಯ ವರ್ಷ. ಕ್ರಾಸಿಂಗಿನ ಒಂದೂವರೆ ತಿಂಗಳು, ಪ್ರತಿ ಶನಿವಾರ ಮಧ್ಯಾಹ್ನ ಹಾನಗಲ್ಲ ಬಸ್ಸು ಹಿಡಿಯುತ್ತೇನೆ. ಈಗ ಅತ್ತಿಗೆ ಮಂಡಿ ನೋವು. ಬೆಳಗಿನ ಸುತ್ತು ಪೂರ್ತಿ ನನ್ನದು. ಎಮ್ಮೆಗೂ ನನ್ನ ಪರಿಚಯವಾಗಿದೆ.

ಇವತ್ತು ಕಾಲೇಜಿನಿಂದ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಪ್ರಾಂಶುಪಾಲರ ಫೋನು. ನಾಳೆ ಜಿಲ್ಲಾಮಟ್ಟದ ಚರ್ಚಾಸ್ಪರ್ಧೆ; ಬರಬೇಕಾದ ನಿರ್ಣಾಯಕರೊಬ್ಬರು ಕೈಕೊಟ್ಟಿದ್ದಾರೆ; ನಿಮಗಿಂತ ಯೋಗ್ಯರು ಯಾರಿದ್ದಾರೆ ಎಂದರು. ನಿಜ ಹೇಳಬೇಕೆಂದರೆ ಆ ಮಾತಿಗೆ ಮನಸ್ಸು ಅರೆಗಳಿಗೆ ಉಬ್ಬಿತು. ವೇದಿಕೆಯ ಆ ಬದಿಯ ಕುರ್ಚಿಯಲ್ಲಿ ಕೂರಬೇಕೆಂಬುದು ನನ್ನ ಹಳೆಯ ಆಸೆ.

"ರವಿವಾರ ಆಗೂದಿಲ್ರಿ ಸರ್," ಎಂದೆ.

"ಯಾಕ್ರಿ? ಚರ್ಚಿಗೆ ಹೋಗ್ತೀರೇನು? ನೀವು ಅಂಥದ್ದೆಲ್ಲಾ ನಂಬೂದಿಲ್ಲ ಅಂತ ಸ್ಟಾಫ್ ರೂಮಿನ್ಯಾಗ ದಿನಾ ಜಗಳಾಡ್ತೀರಲ್ಲ."

"ನಾ ಹೋಗೂದಿಲ್ರಿ."

"ಮತ್ತ ರವಿವಾರ ಯಾರಿಗೆ ಬೇಕಾಗೈತ್ರಿ?"

ಹಾನಗಲ್ಲ ಬಸ್ಸು ಬಂದು ನಿಂತಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು, "ನಮ್ಮ ಅತ್ತಿಗೆ ಬೇಕ್ರಿ ಸರ್," ಎಂದೆ. "ಕುಂದ್ರಾಕ."